ಎರಡನೆಯ ದೀಪ

1967ನೆಯ ಇಸವಿ, ಸೆಪ್ಟೆಂಬರ್ ತಿಂಗಳ ಕೊನೆಯ ಗುರುವಾರ, ಸಂಜೆ ಐದೂವರೆ ಗಂಟೆ. ಬೈಂದೂರಿನ ದಕ್ಷಿಣಕ್ಕೆ, ನಮ್ಮ ಕೇರಿಯ ಹೊಳೆ ಕಡಲಿಗೆ ಸೇರುವ ಅಳಿವೆಯ ದಂಡೆ. ಅಲ್ಲಿ ಇದ್ದವರು ನನ್ನ ಅಮ್ಮ, ಅತ್ತಿಗೆ, ನಾನು, ಬೇಗ ದಡ ಸೇರಿದ್ದ ದೋಣಿಗಳ ಹತ್ತು ಹನ್ನೆರಡು ಗಂಡಸರು, ಮತ್ತು ಇನ್ನೂ ಬಾರದ ಒಂದು ದೋಣಿಯವರ ಮನೆಮಂದಿ. ಬಾರದ ದೋಣಿಯಲ್ಲಿ ನಾಲ್ವರಿದ್ದರು. ಅದರ ತಾಂಡೇಲ, ಎಂದರೆ ಚುಕ್ಕಾಣಿ ಹಿಡಿದವ, ನನ್ನ ಅಣ್ಣ.

ನಾನು ಆಗ ಕುಂದಾಪುರದ ಒಂದು ಬಸ್ ಶೆಡ್ಡಿನಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಅದಕ್ಕೆ ಮೊದಲು ಹನ್ನೊಂದು ವರ್ಷ ಸೈನ್ಯದ ವಾಹನ ದುರಸ್ತಿ ವಿಭಾಗದಲ್ಲಿದ್ದವನು. ಬಿಟ್ಟು ಬರುವಾಗ ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡು ತಂದಿದ್ದೆ. ಮಳೆಗಾಲದಲ್ಲಿ ಅದನ್ನು ಮನೆಯ ಚಾವಡಿಗೆ ಹತ್ತಿಸಿ ಬಸ್ಸಿನಲ್ಲಿ ಹೋಗಿಬರುವುದು, ಸೆಪ್ಟೆಂಬರ್ ಹದಿನೈದಕ್ಕೆ ಮತ್ತೆ ಇಳಿಸುವುದು ನನ್ನ ಪದ್ಧತಿ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಐದಕ್ಕೆ ಮನೆಯಲ್ಲಿರುತ್ತಿದ್ದೆ. ಕತ್ತಲೆಯಲ್ಲಿ ಗಾಡಿ ಓಡಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗಾಗಿ ಆ ವರ್ಷ ಇಳಿಸಿದ ಮೇಲೆ ನಾನು ಅದರ ದೀಪವನ್ನು ಹಾಕಿಯೇ ಇರಲಿಲ್ಲ.

ಅಂದು ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅಂಗಿ ಬದಲಿಸದೆ ದಂಡೆಗೆ ಓಡಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣ ದಿಕ್ಕಿನಿಂದ ಗಾಳಿ ಎದ್ದಿತ್ತಂತೆ. ಉಳಿದ ದೋಣಿಗಳು ಮೋಡ ನೋಡಿಯೇ ತಿರುಗಿ ಬಂದಿದ್ದವು. ಅಣ್ಣನ ದೋಣಿ ದೂರ ಹೋಗಿತ್ತು. ಈಗ ಅದು ಕಾಣುತ್ತಿತ್ತು. ನೊರೆಯ ಸಾಲಿನ ಆಚೆ, ಹಾಯಿ ಇಳಿಸಿ, ಲಂಗರು ಹಾಕಿ ನಿಂತಿತ್ತು. ಒಮ್ಮೆ ಮೇಲಕ್ಕೆ ಬಂದಾಗ ನಾಲ್ಕು ತಲೆಗಳು ಕಾಣಿಸಿದವು. ಮರುಕ್ಷಣ ಏನೂ ಇಲ್ಲ. ಇಲ್ಲಿಂದ ಇನ್ನೊಂದು ದೋಣಿ ನೂಕಿ ಸಹಾಯಕ್ಕೆ ಹೋಗುವ ಮಾತೇ ಇರಲಿಲ್ಲ. ಆಗಲೇ ಇಬ್ಬರು ಪ್ರಯತ್ನಿಸಿದ್ದರು, ಅಲೆ ಅವರನ್ನು ದೋಣಿ ಸಮೇತ ಮರಳಿಗೆ ಎಸೆದಿತ್ತು.

ನಮ್ಮ ಅಳಿವೆಯ ಬಾಯಿ ಕಿರಿದು. ಉತ್ತರಕ್ಕೆ ಮರಳ ದಿಬ್ಬ, ದಕ್ಷಿಣಕ್ಕೆ ನೀರಿನಡಿಯ ಕಲ್ಲು. ನಡುವೆ ಒಂದು ದೋಣಿ ಬರುವಷ್ಟು ದಾರಿ. ಹಗಲಿನಲ್ಲಿ ನೀರಿನ ಬಣ್ಣ ನೋಡಿ ಬರುತ್ತಾರೆ. ಕತ್ತಲೆಯಾದರೆ ದಂಡೆಯಲ್ಲಿ ಹೆಂಗಸರು ಎರಡು ಸೂಡಿ ಹಚ್ಚಿ ಹಿಡಿಯಬೇಕು. ಒಣ ತೆಂಗಿನಗರಿಯನ್ನು ಬಿಗಿದು ಕಟ್ಟಿದ ಪಂಜಿಗೆ ಸೂಡಿ ಎನ್ನುತ್ತೇವೆ. ಒಂದನ್ನು ನೀರಿನ ಅಂಚಿನ ಗೂಟದ ಹತ್ತಿರ, ಇನ್ನೊಂದನ್ನು ಅದರ ಹಿಂದೆ ದಿಬ್ಬದ ಮೇಲಿನ ಗೂಟದ ಹತ್ತಿರ. ಕಡಲಿನಿಂದ ನೋಡುವ ತಾಂಡೇಲನಿಗೆ ಎರಡು ಬೆಂಕಿಯೂ ಒಂದರ ಮೇಲೊಂದು ಕಂಡರೆ ಅವನು ಸರಿಯಾದ ದಾರಿಯಲ್ಲಿದ್ದಾನೆ ಎಂದು ಅರ್ಥ. ಮೇಲಿನದು ಒಂದು ಪಕ್ಕಕ್ಕೆ ಜರುಗಿದಂತೆ ಕಂಡರೆ ಚುಕ್ಕಾಣಿ ತಿರುಗಿಸಬೇಕು. ಪ್ರತಿ ಮಳೆಗಾಲ ಕಳೆದ ಮೇಲೆ ಅಳಿವೆಯ ಬಾಯಿ ಸ್ವಲ್ಪ ಸರಿಯುತ್ತದೆ. ಆಗ ಗೂಟಗಳನ್ನು ಹೊಸದಾಗಿ ನೆಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಆ ಜಾಗ ತೋರಿಸುತ್ತಿದ್ದವಳು ಅಮ್ಮ.

ಆರೂವರೆಗೆ ಕತ್ತಲು ಕವಿಯಿತು. ಸೂಡಿ ಹಚ್ಚಿದರು. ಮಳೆ ಅಡ್ಡವಾಗಿ ಹೊಡೆದು ಎರಡನ್ನೂ ನಂದಿಸಿತು. ಮತ್ತೆ ಹಚ್ಚಿದರು, ಸೀಮೆಎಣ್ಣೆ ಸುರಿದು ಹಚ್ಚಿದರು, ಗರಿಯೇ ನೆನೆದುಹೋಗಿತ್ತು. ಲಾಟೀನು ಅಷ್ಟು ದೂರಕ್ಕೆ ಕಾಣಿಸದು. ಆ ಹೊತ್ತಿಗೆ ಜಿನಸಿನ ಅಂಗಡಿಯವರು ತಮ್ಮ ಗ್ಯಾಸ್‌ಲೈಟನ್ನು ಉರಿಸಿಕೊಂಡು, ಕೊಡೆ ಅಡ್ಡ ಹಿಡಿದು, ಬಂದರು. ಗಾಳಿ ಪಂಪು ಹೊಡೆದು ಉರಿಸುವ, ಗಾಜಿನ ಮರೆಯಿರುವ ದೀಪ ಅದು, ಕೇರಿಗೆಲ್ಲ ಅದೊಂದೇ ಗ್ಯಾಸ್‌ಲೈಟು. ಎಲ್ಲರಿಗೂ ಜೀವ ಬಂದಂತಾಯಿತು. ಒಬ್ಬ ಅದನ್ನು ಇಸಿದುಕೊಂಡು ನೀರಿನ ಕಡೆ ಹೊರಟ. ಅಮ್ಮ ಅವನ ದಾರಿಗೆ ಅಡ್ಡ ನಿಂತಳು.

"ಒಂದೇ ದೀಪ ತೋರ್ಸುಕಾಗ. ಒಂದ್ ಕಂಡ್ರೆ, ಇನ್ನೊಂದ್ ಮಳಿಗ್ ನಂದಿತ್ ಅಂದ್ಕಂಡ್ ಅದ್ಕೇ ನೇರ ಬತ್ರ್. ಕಲ್ಲಿಗ್ ಬಂದ್ ಬೀಳ್ತ್ರ್."

ಅತ್ತಿಗೆ ಅಮ್ಮನಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಂದು ಕೇಳಿದೆ.

"ಹೀಂಗ್ ಕತ್ಲಿ ಮಾಡ್ಕಂಡ್ ಕೂತ್ರೆ ಅವ್ರ್ ಎಂತ ಅಂದ್ಕಂತ್ರ್? ದಂಡಿಯಂಗ್ ಯಾರೂ ಇಲ್ಲೆ ಅಂದ್ಕಂತ್ರ್."

"ಅಂದ್ಕಣ್ಲಿ," ಎಂದಳು ಅಮ್ಮ. "ಹಾಂಗ್ ಅಂದ್ಕಂಡ್ರೆ ಹೊರ್ಗೇ ನಿಲ್ತ್ರ್."

ಗ್ಯಾಸ್‌ಲೈಟನ್ನು ಬಲೆ ಇಡುವ ಗುಡಿಸಲಿನೊಳಗೆ ಇಡಿಸಿ, ಕಡಲ ಕಡೆಯ ತಟ್ಟಿಗೆ ಗೋಣಿ ತೂಗುಹಾಕಿಸಿದಳು. ದಂಡೆ ಪೂರ್ತಿ ಕತ್ತಲಾಯಿತು. ನಾಲ್ವರು ನಮ್ಮ ದೀಪಕ್ಕಾಗಿ ಕಾಯುತ್ತಿದ್ದರು. ನಮ್ಮ ಕೈಯಲ್ಲಿದ್ದ ದೀಪವನ್ನು ನಾವೇ ಅವರಿಂದ ಮುಚ್ಚಿಟ್ಟಿದ್ದೆವು. ಬೇಕಾಗಿದ್ದದ್ದು ಎರಡನೆಯ ದೀಪ. ಮಳೆಗೆ ನಂದದ ಎರಡನೆಯ ದೀಪ ಇದ್ದದ್ದು ನನ್ನ ಗಾಡಿಯಲ್ಲಿ.

ನಾಲ್ಕು ಜನ ಜೊತೆಗೆ ಬಂದು ಗಾಡಿಯನ್ನು ಮರಳಿನಲ್ಲಿ ನೂಕಿ ತಂದರು. ಎಂಜಿನ್ ಎರಡನೇ ಒದೆತಕ್ಕೆ ಚಾಲೂ ಆಯಿತು. ಸ್ವಿಚ್ ತಿರುಗಿಸಿದೆ. ಹಿಂದಿನ ಕೆಂಪು ದೀಪ ಹತ್ತಿತು, ಮುಂದಿನದು ಹತ್ತಲಿಲ್ಲ. ಆರಿಸಿ ಮತ್ತೆ ಹಾಕಿದೆ. ಒಬ್ಬ ದೀಪದ ಮೇಲೆ ಅಂಗೈಯಿಂದ ಎರಡು ಬಾರಿಸಿದ. ಅವನ ಕೈ ಹಿಡಿದು ನಿಲ್ಲಿಸಿದೆ. ಬಲ್ಬಿನ ತಂತಿ ಹಾಗೆಯೇ ಕಡಿಯುತ್ತದೆ. ನನ್ನಲ್ಲಿ ಬೇರೆ ಬಲ್ಬ್ ಇರಲಿಲ್ಲ.

ಗಾಡಿಯನ್ನು ಗುಡಿಸಲಿನ ಬಾಗಿಲಿಗೆ ತಂದು, ಗ್ಯಾಸ್‌ಲೈಟಿನ ಬೆಳಕಿಗೆ ಮುಖ ಮಾಡಿ ನಿಲ್ಲಿಸಿದೆ. ಅಂಗಡಿಯವರು ತಮ್ಮ ಕೊಡೆಯನ್ನು, ಇನ್ನೊಬ್ಬ ಓಲೆಯ ಗೊರಬನ್ನು ನನ್ನ ತಲೆಯ ಮೇಲೆ ಹಿಡಿದರು. ಹತಾರದ ಚೀಲ ಸೀಟಿನಡಿಯಲ್ಲೇ ಇತ್ತು.

ವಿದ್ಯುತ್ತಿನ ದೋಷ ಹುಡುಕುವುದಕ್ಕೆ ಒಂದು ಕ್ರಮವಿದೆ. ಬ್ಯಾಟರಿ, ಬಲ್ಬ್, ಸ್ವಿಚ್, ವಯರ್, ಕೊನೆಗೆ ಅರ್ಥ್. ಒಂದು ಮುಗಿಯದೆ ಇನ್ನೊಂದಕ್ಕೆ ಹೋಗಬಾರದು, ಮುಗಿದದ್ದಕ್ಕೆ ಮರಳಬಾರದು. ಸೈನ್ಯದಲ್ಲಿ ಇದನ್ನು ನಮ್ಮ ಕೈಗೆ ಅಭ್ಯಾಸ ಮಾಡಿಸಿದ್ದರು, ತಲೆಗಲ್ಲ. ಗಾಬರಿಯಾದವನ ತಲೆ ಮೂರು ಕಡೆ ಓಡುತ್ತದೆ. ಕೈ ಕ್ರಮದಲ್ಲಿ ನಡೆದರೆ ಕೆಲಸ ಆಗುತ್ತದೆ. ಅಂದು ನನ್ನ ತಲೆ ಕಡಲಿನಲ್ಲಿತ್ತು.

ಹಾರ್ನ್ ಒತ್ತಿದೆ, ಗಟ್ಟಿಯಾಗಿ ಕೂಗಿತು. ಬ್ಯಾಟರಿ ಸರಿ. ದೀಪದ ಮುಂಬದಿಯ ಗಾಜನ್ನು ಹಿಡಿದ ಬಳೆ ಬಿಚ್ಚಿ ಬಲ್ಬ್ ತೆಗೆದೆ. ಒಂದು ತುಂಡು ವಯರ್ ಹಿಡಿದು ನೇರ ಬ್ಯಾಟರಿಗೆ ಮುಟ್ಟಿಸಿದೆ, ಝಗ್ಗನೆ ಉರಿಯಿತು. ಬಲ್ಬ್ ಸರಿ. ಬಲ್ಬಿನ ಬುಡವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಹೇಳಿದಳು:

"ಅಲ್ಲ್ ನಾಲ್ಕ್ ಜನ ಇದ್ರ್. ನೀವ್ ಇಲ್ಲ್ ಬಲ್ಬ್ ಒರ್ಸ್ತಾ ಕೂತಿದ್ರಿ."

ನಾನು ಒರೆಸುತ್ತಲೇ ಇದ್ದೆ. ಕೊಡೆ ಹಿಡಿದಿದ್ದ ಅಂಗಡಿಯವರು ನಗಿಸಲಿಕ್ಕೋ ಚುಚ್ಚಲಿಕ್ಕೋ, "ಮಿಲಿಟ್ರಿಯವ್ರೆ, ಲಡಾಯಿಯಂಗೂ ಹೀಂಗೇ ಒಂದೊಂದೇ ಬಿಚ್ಚಿ ಕಾಂತಿದ್ರ್ಯಾ? ಅಷ್ಟೊತ್ತ್ ಶತ್ರು ಸುಮ್ನೆ ಕೂತಿದ್ನಾ?" ಎಂದರು. ಯಾರೂ ನಗಲಿಲ್ಲ. ಗ್ಯಾಸ್‌ಲೈಟಿನ ಗಾಳಿ ಇಳಿದಾಗಲೆಲ್ಲ ಅವರೇ ಬಗ್ಗಿ ಪಂಪು ಹೊಡೆಯುತ್ತಿದ್ದರು. ಕೊಡೆಯನ್ನು ಮಾತ್ರ ಬಿಡಲಿಲ್ಲ.

ಸ್ವಿಚ್ಚಿಗೆ ಹೆಚ್ಚು ಹೊತ್ತು ಹಿಡಿಯಿತು. ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಮೊದಲು ಹೋಗುವುದು ಸ್ವಿಚ್ಚೇ. ನನ್ನ ಗುಮಾನಿ ಪೂರ್ತಿ ಅದರ ಮೇಲಿತ್ತು. ಬಿಚ್ಚಿ ನೋಡಿದರೆ ಹಿತ್ತಾಳೆಯ ತುದಿಗಳಲ್ಲಿ ಹಸಿರು ಕಿಲುಬು. ಬ್ಲೇಡಿನಿಂದ ಹೆರೆದು ಹೊಳೆಯುವಂತೆ ಮಾಡಿದೆ. ಜೋಡಿಸಿ, ತಿರುಗಿಸಿ ನೋಡಿದೆ. ಹತ್ತಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ ಹೊರಗಿನಿಂದ ಒಬ್ಬ ಓಡಿ ಬಂದ. ಮಿಂಚಿನ ಬೆಳಕಿನಲ್ಲಿ ದೋಣಿ ಕಂಡಿತ್ತಂತೆ, ಮೊದಲಿದ್ದ ಜಾಗದಲ್ಲಿ ಅಲ್ಲ. ದಕ್ಷಿಣಕ್ಕೆ, ಕಲ್ಲಿನ ಕಡೆಗೆ ಸರಿದಿತ್ತಂತೆ. ಲಂಗರಿನ ಹಗ್ಗ ಕಡಿದಿರಬೇಕು ಎಂದ. ಅತ್ತಿಗೆ ಒಳಗೆ ನುಗ್ಗಿ ಗ್ಯಾಸ್‌ಲೈಟಿಗೆ ಕೈ ಹಾಕಿದಳು. ಅಮ್ಮ ಅವಳ ಎರಡೂ ಮುಂಗೈಗಳನ್ನು ಹಿಡಿದುಕೊಂಡಳು. ಅತ್ತಿಗೆ ಎಳೆಯುತ್ತಿದ್ದಳು, ಅಮ್ಮ ಬಿಡಲಿಲ್ಲ. ಆ ದೋಣಿಯಲ್ಲಿದ್ದವನು ಒಬ್ಬಳ ಗಂಡ, ಇನ್ನೊಬ್ಬಳ ಮಗ. ನಾನು ಅವರತ್ತ ನೋಡದೆ ನಾಲ್ಕನೆಯ ಹೆಜ್ಜೆಗೆ ಹೋದೆ.

ಸ್ವಿಚ್ಚಿನಿಂದ ಬರುವ ವಯರಿನ ತುದಿಗೆ ಬಲ್ಬಿನ ತಳ ಮುಟ್ಟಿಸಿ, ಬಲ್ಬಿನ ಹಿತ್ತಾಳೆಯ ಮೈಯಿಂದ ಆ ತುಂಡು ವಯರನ್ನು ನೇರ ಬ್ಯಾಟರಿಯ ಬೋಲ್ಟಿಗೆ ಹಿಡಿದೆ. ಬಲ್ಬ್ ಉರಿಯಿತು. ಎಂದರೆ ವಿದ್ಯುತ್ತು ದೀಪದವರೆಗೆ ಸರಿಯಾಗಿ ಬರುತ್ತಿತ್ತು. ಹಿಂದಿರುಗಲು ದಾರಿಯಿರಲಿಲ್ಲ.

ಓದುವವರಿಗೆ ಇದನ್ನು ಹೇಳಬೇಕು. ಗಾಡಿಯಲ್ಲಿ ಬ್ಯಾಟರಿಯಿಂದ ದೀಪಕ್ಕೆ ಹೋಗಲು ವಯರ್ ಇರುತ್ತದೆ. ದೀಪದಿಂದ ಮರಳಲು ಬೇರೆ ವಯರ್ ಇರುವುದಿಲ್ಲ. ಗಾಡಿಯ ಕಬ್ಬಿಣದ ಮೈಯೇ ಮರಳುವ ದಾರಿ. ಅದಕ್ಕೆ ಅರ್ಥ್ ಎನ್ನುವುದು. ನನ್ನ ಗಾಡಿಯಲ್ಲಿ ದೀಪದ ಬುರುಡೆ, ಎಂದರೆ ಬಲ್ಬ್ ಕೂರುವ ಕಬ್ಬಿಣದ ಚಿಪ್ಪು, ಎರಡು ಬೋಲ್ಟುಗಳ ಮೇಲೆ ಕೂತಿತ್ತು. ಆ ಬೋಲ್ಟುಗಳ ಮೂಲಕ ಬುರುಡೆ ಗಾಡಿಯ ಮೈಗೆ ಮುಟ್ಟುತ್ತಿತ್ತು. ಅಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಾಗದಿದ್ದರೆ ಎಲ್ಲ ಸರಿಯಿದ್ದೂ ದೀಪ ಹತ್ತದು.

ಎಡಗಡೆಯ ಬೋಲ್ಟಿಗೆ ಬೆರಳು ತಾಗಿಸಿದೆ. ತುಕ್ಕಿನ ತರಿ ಇರಲಿಲ್ಲ. ನುಣ್ಣಗೆ, ಗಾಜಿನ ಹಾಗೆ ಇತ್ತು. ಉಗುರಿನಿಂದ ಗೀರಿದರೆ ಬೆಲ್ಲದ ಬಣ್ಣದ ಸಿಪ್ಪೆ ಎದ್ದಿತು. ಮೂಗಿಗೆ ಹಿಡಿಯುವ ಮೊದಲೇ ವಾಸನೆ ಗೊತ್ತಾಯಿತು. ಮೀನೆಣ್ಣೆ.

ನಮ್ಮಲ್ಲಿ ಮಳೆಗಾಲಕ್ಕೆ ದೋಣಿಯನ್ನು ಮೇಲೆ ಹಾಕುವಾಗ ಮರಕ್ಕೆಲ್ಲ ಮೀನೆಣ್ಣೆ ಬಳಿಯುತ್ತಾರೆ. ಕಬ್ಬಿಣದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಬಿಗಿಯುತ್ತಾರೆ. ಆ ಎಣ್ಣೆ ಒಣಗಿದರೆ ಹಲಸಿನ ಮೇಣದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಉಪ್ಪುನೀರು ಒಳಗಿಳಿಯದು. ಆ ವರ್ಷ ಮೇ ಕೊನೆಗೆ ನಾನು ಶೆಡ್ಡಿಗೆ ಹೋಗಿದ್ದ ದಿನ, ಅಣ್ಣ ದೋಣಿಯ ಕೆಲಸ ಮುಗಿಸಿ ಉಳಿದ ಎಣ್ಣೆಯನ್ನು ನನ್ನ ಗಾಡಿಗೆ ಹಚ್ಚಿದ್ದ. ಸಂಜೆ ಬಂದು ನೋಡಿದರೆ ಗಾಡಿ ಮಿರಿಮಿರಿ ಮಿಂಚುತ್ತಿತ್ತು. "ಈ ಸಲ ನಿನ್ ಗಾಡಿಗ್ ಮಳಿ ಎಂತದೂ ಮಾಡುಕಿಲ್ಲೆ, ಕಾಣ್," ಎಂದಿದ್ದ. ಮೇಲಿಂದ ಬಳಿದಿದ್ದಾನೆ ಎಂದಷ್ಟೇ ನಾನು ತಿಳಿದಿದ್ದೆ. ದೀಪದ ಬೋಲ್ಟುಗಳಲ್ಲಿ ತುಕ್ಕು ಕಂಡು, ದೋಣಿಯ ಬೋಲ್ಟುಗಳಂತೆಯೇ ಅವನ್ನೂ ಬಿಚ್ಚಿ, ಅದ್ದಿ, ಬಿಗಿದಿದ್ದಾನೆ ಎಂದು ಈಗ ತಿಳಿಯಿತು. ಅವನ ಕೈಯ ಕೆಲಸ ಯಾವಾಗಲೂ ಪೂರ್ತಿ. ಎರಡು ಕಬ್ಬಿಣಗಳ ನಡುವೆ ನಾಲ್ಕು ತಿಂಗಳು ಒಣಗಿದ ಎಣ್ಣೆ ಹರಳುಗಟ್ಟಿತ್ತು.

ಗಟ್ಟಿಯಾಗಿ ಏನೂ ಹೇಳಲಿಲ್ಲ. ಆದರೆ ಮೀನೆಣ್ಣೆಯ ವಾಸನೆ ನಮ್ಮ ಕೇರಿಯವರಿಗೆ ಹೇಳಿಕೊಡಬೇಕಾದದ್ದಲ್ಲ. ಗೊರಬು ಹಿಡಿದವನು ಬಗ್ಗಿ ನೋಡಿದ. ಅತ್ತಿಗೆ ನನ್ನ ಉಗುರಿಗೆ ಅಂಟಿದ್ದ ಸಿಪ್ಪೆ ನೋಡಿದಳು. ಗ್ಯಾಸ್‌ಲೈಟಿನ ಮೇಲಿದ್ದ ಅವಳ ಕೈ ತಾನಾಗಿಯೇ ಸಡಿಲವಾಯಿತು.

ಬೋಲ್ಟು ಬಿಚ್ಚಿ ಹೆರೆಯಲು ಸಮಯವಿರಲಿಲ್ಲ. ಮರಳುವ ದಾರಿಗೆ ಬೇರೆ ವಯರ್ ಎಳೆದರಾಯಿತು. ಕೈಯಲ್ಲಿದ್ದ ತುಂಡು ಮುಟ್ಟಿಸಲಷ್ಟೇ ಸಾಕಿತ್ತು, ಎರಡೂ ತುದಿ ಸುತ್ತಿ ಬಿಗಿಯುವಷ್ಟು ಉದ್ದವಿರಲಿಲ್ಲ. ಹಾರ್ನಿನ ವಯರನ್ನು ಬುಡದಲ್ಲಿ ಕತ್ತರಿಸಿ ಎಳೆದುಕೊಂಡೆ. ಒಂದು ತುದಿಯನ್ನು ಬುರುಡೆಯ ಒಳಗಿನ ಸ್ಕ್ರೂವಿಗೆ, ಇನ್ನೊಂದನ್ನು ಬ್ಯಾಟರಿಯ ಬೋಲ್ಟಿಗೆ ಸುತ್ತಿ ಬಿಗಿದೆ. ಗಾಜು ಹಾಕುವ ಮೊದಲೇ ಸ್ವಿಚ್ ತಿರುಗಿಸಿದೆ. ಗುಡಿಸಲಿನ ತಟ್ಟಿಯ ಮೇಲೆ ಬೆಳಕು ಬಿತ್ತು.

ಎಂಟು ಜನ ಗಾಡಿಯನ್ನು ಎತ್ತಿಕೊಂಡೇ ದಿಬ್ಬ ಹತ್ತಿದರು. ಅಮ್ಮ ಕತ್ತಲೆಯಲ್ಲಿ ಕೈಯಾಡಿಸಿ ಮೇಲಿನ ಗೂಟ ಹುಡುಕಿ, ಅದಕ್ಕೆ ಒತ್ತಿ ಮುಂದಿನ ಚಕ್ರ ನಿಲ್ಲಿಸಿದಳು. ಎಂಜಿನ್ ಚಾಲೂ ಇಟ್ಟು, ಬೆಳಕು ಕುಗ್ಗದ ಹಾಗೆ ಆಕ್ಸಿಲರೇಟರ್ ಹಿಡಿದು ನಾನು ನಿಂತೆ. ಕೆಳಗೆ ಅಂಗಡಿಯವರು ಮಂಡಿಯುದ್ದ ನೀರಿನಲ್ಲಿ, ಗ್ಯಾಸ್‌ಲೈಟನ್ನು ತಾವೇ ತಲೆಯ ಮೇಲೆತ್ತಿ, ಗೂಟಕ್ಕೆ ಬೆನ್ನು ಕೊಟ್ಟು ನಿಂತರು. ಅಮ್ಮ ಮೇಲಿಂದ ನೋಡಿ, "ಹ್ವಾಯ್, ಒಂದ್ ಚೂರ್ ಎಡಕ್ಕ್ ಬನ್ನಿ," ಎಂದಳು. ಅವರು ಎಡಕ್ಕೆ ಬಂದರು. ಎರಡು ದೀಪಗಳೂ ಸಾಲಾದವು.

ಆಮೇಲೆ ಮಾಡುವ ಕೆಲಸ ಏನೂ ಇರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ನನ್ನ ಬೆಳಕಿನಲ್ಲಿ ಮಳೆ ಮಾತ್ರ ಕಾಣುತ್ತಿತ್ತು, ಅದರಾಚೆ ಕಪ್ಪು. ದೋಣಿ ಇನ್ನೂ ನೀರಿನ ಮೇಲಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಇಲ್ಲದ ದೋಣಿಗೆ ದಾರಿ ತೋರಿಸುತ್ತಿದ್ದೇವೆಯೋ ಎಂಬ ಯೋಚನೆ ಬಂತು. ಬಂದದ್ದನ್ನು ಹೊರಗೆ ಹಾಕಿ ಆಕ್ಸಿಲರೇಟರಿನ ಮೇಲೆ ಕೈ ಬಿಗಿ ಮಾಡಿದೆ. ಅಮ್ಮ ಪಕ್ಕದಲ್ಲಿ ಮರಳಿನ ಮೇಲೆ ಕೂತಳು. ಅವಳು ಒಮ್ಮೆಯೂ ದೇವರ ಹೆಸರು ಹೇಳಲಿಲ್ಲ. ಹೇಳಿದ್ದರೆ ನನ್ನ ಧೈರ್ಯ ಹೋಗುತ್ತಿತ್ತು.

ಕೆಳಗೆ ಜನ ನೀರಿಗೆ ಓಡುವುದು ಕಂಡಿತು. ಗ್ಯಾಸ್‌ಲೈಟಿನ ಬೆಳಕಿನೊಳಕ್ಕೆ ದೋಣಿಯ ಮೂತಿ ಒಮ್ಮೆಲೇ ನುಗ್ಗಿ ಬಂತು. ಅರ್ಧ ನೀರು ತುಂಬಿತ್ತು. ಎಲ್ಲರೂ ಎರಡು ಬದಿಗೆ ಹಿಡಿದು ಎಳೆದರು. ಅಮ್ಮ ಎದ್ದು ನಿಂತು ತಲೆಗಳನ್ನು ಎಣಿಸಿದಳು. ನಾಲ್ಕು. ಆಮೇಲೆ ಕೂತಳು, ಬಹಳ ಹೊತ್ತು ಏಳಲಿಲ್ಲ.

ನಾನು ಕೆಳಗಿಳಿದು ಹೋದಾಗ ಅಣ್ಣ ಮರಳಿನ ಮೇಲೆ ಕೂತು ನಡುಗುತ್ತಿದ್ದ. ಅತ್ತಿಗೆ ಅವನಿಗೆ ಕಂಬಳಿ ಹೊದಿಸುತ್ತಿದ್ದಳು. ನಾಲ್ವರಲ್ಲಿ ಕಿರಿಯವನ ಭುಜ ಹುಟ್ಟಿನ ಪೆಟ್ಟಿಗೆ ಕೀಲು ತಪ್ಪಿತ್ತು. ದೋಣಿಯ ಎಡಗಡೆಯ ಹಲಗೆ ಸೀಳಿತ್ತು. ದೋಣಿಯಲ್ಲಿ ಬಲೆ ಇರಲಿಲ್ಲ. ನಡೆದದ್ದನ್ನು ಅಣ್ಣ ತಡೆತಡೆದು ಹೇಳಿದ. ದೀಪಕ್ಕೆ ಕಾದರು. ಲಂಗರಿನ ಹಗ್ಗ ಕಡಿಯಿತು. ಕಲ್ಲಿನ ಕಡೆ ಎಳೆಯತೊಡಗಿದಾಗ ಭಾರ ಕಳೆಯಲು ಬಲೆ ಕೊಯ್ದು ಕಡಲಿಗೆ ಬಿಟ್ಟು, ಹುಟ್ಟು ಹಾಕಿ ದೂರ ಬಂದರು. ಬಲೆ ಬಿಟ್ಟು ತುಸು ಹೊತ್ತಿಗೆ ದೀಪ ಕಂಡಿತು.

ಆ ಬಲೆ ನಾಲ್ಕು ಮನೆಯದು. ಹೊಸ ಹಂಗಾಮು ಶುರುವಾಗಿ ತಿಂಗಳಾಗಿತ್ತಷ್ಟೆ. ಗೊರಬು ಹಿಡಿದಿದ್ದವನು ನನ್ನ ಮುಖ ನೋಡಿದ.

ಅಣ್ಣ ಕೇಳಿದ, "ದೀಪ ಎಂತಕ್ ಅಷ್ಟ್ ತಡ ಆಯ್ತ್?"

"ಗಾಡಿ ವಯರ್ ಕಡ್ದಿತ್ತ್," ಎಂದೆ.

ಅವನು ತಲೆಯಾಡಿಸಿದ. ಕಂಬಳಿ ಎಳೆದುಕೊಳ್ಳುತ್ತ, "ನಾನ್ ಎಣ್ಣಿ ಹಾಕಿದ್ ಬದಿ ಎಲ್ಲ ಸಮ ಇತ್ತಲ್ದಾ?" ಎಂದ.

"ಸಮ ಇತ್ತ್," ಎಂದೆ.

ಅತ್ತಿಗೆ ಕಂಬಳಿಯ ಅಂಚನ್ನು ಅವನ ಕುತ್ತಿಗೆಗೆ ಇನ್ನೊಮ್ಮೆ ಸುತ್ತಿದಳು. ಗೊರಬಿನವನು ದೋಣಿಯ ಕಡೆ ನಡೆದ. ಅವನ ತಮ್ಮನೇ ಭುಜದ ಕೀಲು ತಪ್ಪಿದ ಹುಡುಗ. ಗೊರಬಿನವನು ಆಗ ಎಣ್ಣೆಯ ಮಾತು ಎತ್ತದಿದ್ದುದನ್ನು ನಾನು ಮರೆತಿಲ್ಲ.

ಉಳಿದ ಕೆಲಸಗಳನ್ನು ಒಂದೊಂದಾಗಿ ಮುಗಿಸಿದೆವು. ಹುಡುಗನ ಭುಜಕ್ಕೆ ಬಟ್ಟೆ ಕಟ್ಟಿ, ಇಬ್ಬರನ್ನು ಜೊತೆಮಾಡಿ ಬೈಂದೂರಿನ ಡಾಕ್ಟರಲ್ಲಿಗೆ ಕಳಿಸಿದೆವು. ದೋಣಿಯನ್ನು ಮರದ ಉರುಳೆಗಳ ಮೇಲೆ ಉಬ್ಬರ ಮುಟ್ಟದಷ್ಟು ಮೇಲಕ್ಕೆ ಎಳೆದು ಕಟ್ಟಿದೆವು. ಗ್ಯಾಸ್‌ಲೈಟನ್ನು ನಾನೇ ಹೊತ್ತು ಅಂಗಡಿಯವರ ಮನೆಗೆ ಮುಟ್ಟಿಸಿದೆ. ಅವರಿಗೆ ಚಳಿ ಹಿಡಿದು ಮಾತು ಹೊರಡುತ್ತಿರಲಿಲ್ಲ. ಕೈ ಬೀಸಿ ಹೋಗೆಂದರು.

ಮನೆಗೆ ಬಂದಾಗ ಅಣ್ಣ ಬಿಸಿ ಗಂಜಿ ಉಂಡು ಮಲಗಿದ್ದ. ಗಾಡಿಯನ್ನು ಚಾವಡಿಗೆ ಹತ್ತಿಸಿ ದೀಪದ ಎರಡೂ ಬೋಲ್ಟುಗಳನ್ನು ಬಿಚ್ಚಿದೆ. ಅತ್ತಿಗೆ ಕೇಳದೆಯೇ ಲಾಟೀನು ತಂದು ಹಿಡಿದಳು. ಬೋಲ್ಟಿನ ಎಳೆಗಳನ್ನೂ ಬುರುಡೆಯ ಕಿವಿಗಳನ್ನೂ ಬ್ಲೇಡಿನಿಂದ ಹೆರೆದು ಬಿಳಿ ಮಾಡಿದೆ. ಎಣ್ಣೆ ಹಚ್ಚದೆಯೇ ಬಿಗಿದೆ. ಕಟ್ಟಿದ್ದ ವಯರ್ ತೆಗೆದು ಹಾರ್ನಿಗೆ ಮರಳಿ ಜೋಡಿಸಿದೆ. ಸ್ವಿಚ್ ಹಾಕಿದೆ, ದೀಪ ಹತ್ತಿತು. ಒಳಗೆ ಅಣ್ಣ ಮಗ್ಗುಲು ಬದಲಿಸಿದ ಸದ್ದಾಯಿತು. ಕೂಡಲೇ ಆರಿಸಿದೆ.

ನೆಲದ ಮೇಲೆ ಎಣ್ಣೆಯ ಸಿಪ್ಪೆ ಬಿದ್ದಿತ್ತು. ಬೆಳಿಗ್ಗೆ ಅಣ್ಣ ಮೊದಲು ಕಾಲಿಡುವುದು ಚಾವಡಿಗೆ. ಅತ್ತಿಗೆ ಲಾಟೀನನ್ನು ಕೆಳಗಿಟ್ಟು ಪೊರಕೆ ತಂದಳು. ನಾನು ಗುಡಿಸಿದೆ. ಅವಳು ಒಂದು ಚೂರೂ ಬಿಡದೆ ಗೆರಸೆಗೆ ತುಂಬಿಕೊಂಡು ಹೋಗಿ ಒಲೆಗೆ ಹಾಕಿದಳು.